ಬಾಯಿಮಾತಿನ ಮೇಲೆ ಕಟ್ಟಿದ ಕಂಪನಿ, ಕಾಗದದ ಮೇಲೆ ಮಾರಾಟ: ಗಂಗಾವತಿಯ ಒಂದು ಪ್ರಕರಣ

ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ 2017ರಲ್ಲಿ ಹುಟ್ಟಿ, 2025ರ ಜನವರಿಯಲ್ಲಿ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಮಾರಾಟವಾದ ಸಣ್ಣ ಸ್ಟಾರ್ಟಪ್ ಒಂದರ ಪ್ರಕರಣವಿದು. ಬಳ್ಳಾರಿಯಲ್ಲಿ ಲೆಕ್ಕಪರಿಶೋಧಕನಾಗಿರುವ ನಾನು, ಮಾತುಕತೆ ಶುರುವಾದ ಮೇಲೆ ಸ್ಥಾಪಕರ ಪರವಾಗಿ ಅದರಲ್ಲಿ ಕೂತವನು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಮೊತ್ತಗಳ ಬದಲು, ಒಪ್ಪಿದ ಒಟ್ಟು ಬೆಲೆಯನ್ನು 100 ರೂಪಾಯಿ ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಆ ಅಳತೆಯಲ್ಲಿ ವಿವರಿಸುತ್ತೇನೆ.

ನಮ್ಮ ಭಾಗದಲ್ಲಿ ವ್ಯವಹಾರ ನಿಂತಿರುವುದು ಮಾತಿನ ಮೇಲೆ. ರೈತ ಭತ್ತ ಇಳಿಸಿ ಚೀಟಿ ಹಿಡಿದು ಹೋಗುತ್ತಾನೆ, ಹಣ ವಾರಗಳ ನಂತರ ಬರುತ್ತದೆ. ದಲಾಲಿ ಅಂಗಡಿಯವರು ಬಿತ್ತನೆಗೆ ಮುಂಗಡ ಕೊಡುತ್ತಾರೆ, ಅದಕ್ಕೆ ಹಲವು ಸಲ ಖಾತೆಪುಸ್ತಕದ ಒಂದು ಸಾಲಿಗಿಂತ ಹೆಚ್ಚಿನ ದಾಖಲೆ ಇರುವುದಿಲ್ಲ. ಈ ಕಂಪನಿಯೂ ಹಾಗೆಯೇ ಬೆಳೆಯಿತು, ಮತ್ತು ಹಾಗೆ ಬೆಳೆದದ್ದರಿಂದಲೇ ಬೇಗ ಬೆಳೆಯಿತು ಎಂಬುದು ನನ್ನ ನಂಬಿಕೆ. ಆದರೆ ಅದನ್ನು ಕೊಳ್ಳಲು ಬಂದವರಿಗೆ ಆ ಮಾತುಗಳಲ್ಲಿ ಒಂದೂ ಕಾಣಿಸಲಿಲ್ಲ. ಕಾಗದದಲ್ಲಿ ಇದ್ದುದನ್ನಷ್ಟೇ ಅವರು ಕೊಂಡರು.

ಕಟ್ಟಿದ ಬಗೆ

ಇಬ್ಬರು ಸ್ಥಾಪಕರಲ್ಲಿ ಒಬ್ಬರು ರೈಸ್ ಮಿಲ್ಲೊಂದರ ಗುಮಾಸ್ತರ ಮಗ. ವೇ ಬ್ರಿಡ್ಜ್ ಪಕ್ಕದ ಸಣ್ಣ ಕೋಣೆಯಲ್ಲಿ ಅಪ್ಪ ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ತೇವಾಂಶ ಇವನ್ನೆಲ್ಲ ಒಂದರ ಕೆಳಗೊಂದು ಬರೆಯುವುದನ್ನು ನೋಡುತ್ತಾ ಬೆಳೆದವರು. ಇನ್ನೊಬ್ಬರು ಬೆಂಗಳೂರಿನಲ್ಲಿ ಕೆಲವು ವರ್ಷ ನೌಕರಿ ಮಾಡಿ ಊರಿಗೆ ಮರಳಿದ ಎಂಜಿನಿಯರ್. ವೇ ಬ್ರಿಡ್ಜಿನ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತಂದು, ಅಲ್ಲಿಂದ ರೈತನ ಲೆಕ್ಕ, ದಲಾಲಿಯ ಲೆಕ್ಕ, ಗೋದಾಮಿನ ದಾಸ್ತಾನು, ಅಕ್ಕಿ, ನುಚ್ಚು, ತೌಡುಗಳ ಹುಟ್ಟುವಳಿಯವರೆಗೆ ಒಂದೇ ಕಡೆ ಕಾಣುವಂತೆ ಮಾಡುವ ಸಾಫ್ಟ್‌ವೇರ್ ಅವರದು.

ಮೊದಲ ಆವೃತ್ತಿ ಸೋತಿತು. ಸೋತ ಬಗೆ ಹೇಳಲೇಬೇಕಾದದ್ದು, ಏಕೆಂದರೆ ಈ ಕಂಪನಿಗೆ ಬೆಲೆ ಬಂದದ್ದು ಆ ಸೋಲಿನಿಂದ ಕಲಿತ ವಿಷಯಕ್ಕೆ. ಒಂದು ಲೋಡಿನ ನಿವ್ವಳ ತೂಕ 12,450 ಕೆಜಿ ಇದ್ದರೆ ಪರದೆ 124.50 ಕ್ವಿಂಟಲ್ ಎಂದು ತೋರಿಸುತ್ತಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ದರವನ್ನು ಮಾತಾಡುವುದು 75 ಕೆಜಿ ಚೀಲಕ್ಕೆ. ಗುಮಾಸ್ತರಿಗೆ ಬೇಕಾಗಿದ್ದದ್ದು 166 ಚೀಲ ಎಂಬ ಸಂಖ್ಯೆ. ಅವರು ಪರದೆಯನ್ನು ಒಮ್ಮೆ ನೋಡಿ, ಕ್ಯಾಲ್ಕುಲೇಟರ್ ಒತ್ತಿ, ಮತ್ತೆ ಹಳೆಯ ಪುಸ್ತಕದಲ್ಲೇ ಬರೆದುಕೊಳ್ಳುತ್ತಿದ್ದರು. ಎಂಜಿನಿಯರ್ ಇದನ್ನು ತರಬೇತಿಯ ಕೊರತೆ ಎಂದುಕೊಂಡಿದ್ದರಂತೆ. ಗುಮಾಸ್ತರ ಮಗ ಮೂರು ದಿನ ಅದೇ ಕೋಣೆಯಲ್ಲಿ ಕೂತು, ತಪ್ಪು ಗುಮಾಸ್ತರದಲ್ಲ, ಪರದೆಯದು ಎಂದು ಹೇಳಿದ ಮೇಲೆ ಲೆಕ್ಕವೆಲ್ಲ ಚೀಲಕ್ಕೆ ಬದಲಾಯಿತು. ಆ ಹಂಗಾಮಿನಲ್ಲೇ ಹಳೆಯ ಪುಸ್ತಕ ಮುಚ್ಚಿತು.

ಕಾಲವೂ ಕೂಡಿಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, 2018ರ ಏಪ್ರಿಲ್‌ನಲ್ಲಿ ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಮಾಡಬೇಕಾದ ಇ-ವೇ ಬಿಲ್ ಬಂತು. ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಮಿಲ್‌ನವರಿಗೆ ಕಾರಣ ಸಿಕ್ಕಿತು. 2022ರ ಜುಲೈ 18ರಿಂದ, 25 ಕೆಜಿವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಿದ್ದಾಗ, ಅನೇಕ ಮಿಲ್‌ಗಳು 26 ಕೆಜಿ ಚೀಲಕ್ಕೆ ಹೋದವು. ಈ ಒಂದು ಕೆಜಿಯ ವ್ಯತ್ಯಾಸದಿಂದ ಬಿಲ್ಲು, ದಾಸ್ತಾನು, ತೆರಿಗೆ ಮೂರೂ ಬೇರೆಯಾಗುತ್ತವೆ. ಊರಿನಲ್ಲೇ ಇದ್ದ ಕಂಪನಿ ಅದನ್ನು ಕೆಲವೇ ದಿನಗಳಲ್ಲಿ ಸಾಫ್ಟ್‌ವೇರಿಗೆ ತಂದಿತು.

ಮಾರಾಟಕ್ಕೆ ಪ್ರತ್ಯೇಕ ಸಿಬ್ಬಂದಿ ಇರಲಿಲ್ಲ. ಒಬ್ಬ ಮಿಲ್ ಮಾಲೀಕರು ಇನ್ನೊಬ್ಬರಿಗೆ ಹೇಳಿದರು, ಅವರು ಬೀಗರಿಗೆ ಹೇಳಿದರು. ಹೀಗೆ ಕಂಪ್ಲಿ, ಸಿರುಗುಪ್ಪ, ಮಾನ್ವಿಯವರೆಗೆ ಹೋಯಿತು. ಹೊರಗಿನ ಹೂಡಿಕೆದಾರರೂ ಇರಲಿಲ್ಲ. 2018ರಲ್ಲಿ ಹಣ ಬೇಕಾದಾಗ ಕೊಟ್ಟವರು ಗುಮಾಸ್ತರ ಮಗನ ಸೋದರಮಾವ. ಅವರದು ಊರಿನಲ್ಲೇ ದಲಾಲಿ ಅಂಗಡಿ. "ನಿನ್ನ ಕಂಪನ್ಯಾಗ ನಂದೂ ಒಂದು ಪಾಲು ಇರ್ಲಿ, ಕಾಗದ ಬ್ಯಾಡ" ಎಂದು ಹೇಳಿ ಬ್ಯಾಂಕಿನಿಂದ ಕಂಪನಿಯ ಖಾತೆಗೆ ಹಣ ಹಾಕಿದರು. ಆಗಿನ ಲೆಕ್ಕಿಗರು ಅದನ್ನು ಭದ್ರತೆ ಇಲ್ಲದ ಸಾಲ ಎಂದು ಬರೆದಿಟ್ಟರು. ಆರು ವರ್ಷ ಆ ಸಾಲನ್ನು ಯಾರೂ ಮತ್ತೆ ನೋಡಲಿಲ್ಲ.

ಬೆಲೆ ಒಪ್ಪಿದ ಮೇಲೆ

2024ರ ಜೂನ್‌ನಲ್ಲಿ ಬೆಂಗಳೂರಿನ ಕಂಪನಿಯಿಂದ ಎರಡು ಪುಟಗಳ ಟರ್ಮ್ ಶೀಟ್, ಅಂದರೆ ಮಾರಾಟದ ಮುಖ್ಯ ಷರತ್ತುಗಳ ಪಟ್ಟಿ, ಬಂತು. ಬೆಲೆ 100, ಅದರಲ್ಲಿ 90 ಷೇರು ವರ್ಗಾವಣೆಯ ದಿನ, 10 ತಡೆಹಿಡಿದು ಹದಿನೆಂಟು ತಿಂಗಳ ನಂತರ. ಸ್ಥಾಪಕರು ಮನೆಯಲ್ಲಿ ಪೇಡೆ ಹಂಚಿದರು. ನಾನು ಪ್ರಕರಣಕ್ಕೆ ಬಂದದ್ದು ಅದಾದ ಎರಡು ವಾರಕ್ಕೆ, ಅಂದರೆ ಸಹಿ ಬಿದ್ದ ಮೇಲೆ.

ಆ ಎರಡು ಪುಟಗಳಲ್ಲಿ ಬೆಲೆ ಯಾರನ್ನೂ ಕಟ್ಟಿಹಾಕುತ್ತಿರಲಿಲ್ಲ. ಕಟ್ಟಿಹಾಕುತ್ತಿದ್ದ ಷರತ್ತು ಮುಖ್ಯವಾಗಿ ಒಂದೇ: 90 ದಿನ ಬೇರೆ ಯಾರೊಂದಿಗೂ ಮಾರಾಟದ ಮಾತು ಆಡಬಾರದು. ಹೈದರಾಬಾದಿನ ಒಂದು ಕಂಪನಿ ಮೊದಲೇ ವಿಚಾರಿಸಿತ್ತು. ಈ ಸಹಿಯೊಂದಿಗೆ ಆ ಬಾಗಿಲು ಮುಚ್ಚಿತು. ಕೊಳ್ಳುವವರು ಬೆಲೆ ಇಳಿಸಲು ಬೇಕಾದ ಕಾರಣಗಳನ್ನು ಹುಡುಕುವ ಕಾಲ ಮತ್ತು ಮಾರುವವರು ಬೇರೆಡೆಗೆ ತಿರುಗಲಾಗದ ಕಾಲ ಎರಡೂ ಒಂದೇ ಆಗಿರುತ್ತವೆ ಎಂಬುದು ಮೊದಲ ಸಲ ಮಾರುವವರಿಗೆ ಗೊತ್ತಿರುವುದಿಲ್ಲ. ಟರ್ಮ್ ಶೀಟಿಗೆ ಸಹಿ ಹಾಕುವ ಮುಂಚಿನ ವಾರವೇ ಸ್ಥಾಪಕರ ಕೈ ಅತ್ಯಂತ ಬಲವಾಗಿರುವ ವಾರ. ಹೇಳಬೇಕಾದ ದೋಷಗಳನ್ನೂ ಕೇಳಬೇಕಾದ ಷರತ್ತುಗಳನ್ನೂ ಆಗಲೇ ಮುಂದಿಡಬೇಕಿತ್ತು.

ದಾಖಲೆಗಳ ಪರಿಶೀಲನೆ ಶುರುವಾಯಿತು. ಕೆಲವು ಕೊರತೆಗಳು ಬೇಗ ಸರಿಹೋದವು: ಡೊಮೈನ್ ಹೆಸರು ಎಂಜಿನಿಯರ್ ಅವರ ತಮ್ಮನ ಹೆಸರಿನಲ್ಲಿತ್ತು, ಸರ್ವರಿನ ಪಾಸ್‌ವರ್ಡ್ ಒಬ್ಬರ ಸ್ವಂತ ಮೊಬೈಲಿಗೆ ಕಟ್ಟಿಕೊಂಡಿತ್ತು, ಬಹುಪಾಲು ಮಿಲ್‌ಗಳೊಂದಿಗೆ ಲಿಖಿತ ಕರಾರು ಇರಲಿಲ್ಲ. ಎರಡು ಮಾತ್ರ ಆಳವಾಗಿದ್ದವು.

ಒಂದು, ವೇ ಬ್ರಿಡ್ಜಿನ ಯಂತ್ರದಿಂದ ತೂಕವನ್ನು ಓದುವ ಭಾಗ. ಅದನ್ನು ಬರೆದವರು ಎಂಜಿನಿಯರ್ ಅವರ ಕಾಲೇಜಿನ ಗೆಳೆಯ. ನೌಕರರಲ್ಲ, ಕೆಲಸಕ್ಕಿಷ್ಟು ಎಂದು ಹಣ ಪಡೆದವರು. ಹಣ ಕೊಟ್ಟಿದ್ದೇವೆ, ಆದ್ದರಿಂದ ಕೋಡ್ ನಮ್ಮದು ಎಂದು ಇಬ್ಬರೂ ನಂಬಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವರ್ಗಕ್ಕೆ ಸೇರುತ್ತದೆ. ನೌಕರ ತನ್ನ ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಹೊರಗಿನವರು ಬರೆದದ್ದು ಬರೆದವರದ್ದೇ ಆಗಿ ಉಳಿಯುತ್ತದೆ. ಅದನ್ನು ಪಡೆಯಲು 19ನೇ ಕಲಮಿನಂತೆ ಸಹಿ ಇರುವ ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ತಿಳಿಯುತ್ತದೆ. ಗೆಳೆಯ ಆಗ ಹೈದರಾಬಾದಿನಲ್ಲಿದ್ದರು. ತಮ್ಮ ಕೆಲಸದ ಬೆಲೆ ಕೇಳಿದರು. ಅದು ಅನ್ಯಾಯದ ಬೆಲೆ ಎಂದು ನನಗೆ ಅನ್ನಿಸಲಿಲ್ಲ. 2018ರಲ್ಲಿ ಒಂದು ಪುಟದ ಪತ್ರಕ್ಕೆ ಚಹಾ ಕುಡಿಯುತ್ತಾ ಹಾಕಬಹುದಾಗಿದ್ದ ಸಹಿಗೆ 2024ರಲ್ಲಿ 3 ರೂಪಾಯಿ ಕೊಡಬೇಕಾಯಿತು.

ಎರಡನೆಯದು ಸೋದರಮಾವನ ಹಣ. ಮದುವೆಯಲ್ಲಿ ಸೋದರಮಾವ ಬಂದು ನಿಲ್ಲದೆ ಶಾಸ್ತ್ರ ಮುಂದೆ ಹೋಗದ ನಾಡು ನಮ್ಮದು. ಆದರೆ 2013ರ ಕಂಪನಿ ಕಾಯ್ದೆ ಪಟ್ಟಿ ಮಾಡುವ ಸಂಬಂಧಿಕರು ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಸೊಸೆ ಅಳಿಯ, ಒಡಹುಟ್ಟಿದವರು ಮತ್ತು ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು. ಸೋದರಮಾವ ಅದರಲ್ಲಿಲ್ಲ. ಖಾಸಗಿ ಕಂಪನಿ ತನ್ನ ನಿರ್ದೇಶಕರಿಂದ ಅಥವಾ ಅವರ ಸಂಬಂಧಿಕರಿಂದ, ಅದು ಸಾಲ ತಂದ ಹಣವಲ್ಲ ಎಂಬ ಘೋಷಣೆ ಪಡೆದು, ಹಣ ತೆಗೆದುಕೊಳ್ಳಬಹುದು. ಷೇರುದಾರರೂ ಅಲ್ಲದ, ಸಂಬಂಧಿಕರೂ ಅಲ್ಲದ ವ್ಯಕ್ತಿಯಿಂದ ಸಾಲವೆಂದು ಪಡೆದದ್ದು ಠೇವಣಿಯಾಗುತ್ತದೆ, ಮತ್ತು ಇಂಥ ಕಂಪನಿಗೆ ಆ ಠೇವಣಿ ಪಡೆಯುವ ಅಧಿಕಾರವಿಲ್ಲ. ಮಾವನ ಮನಸ್ಸಿನಲ್ಲಿ ಪಾಲಾಗಿದ್ದ ಹಣ, ಪುಸ್ತಕದಲ್ಲಿ ಸಾಲವಾಗಿ, ಕಾಯ್ದೆಯಲ್ಲಿ ನಿಯಮಭಂಗವಾಗಿ ನಿಂತಿತು.

ಮನೆಯವರೊಬ್ಬರು ಒಂದು ದಾರಿ ಸೂಚಿಸಿದರು: 2018ರ ತಾರೀಖು ಹಾಕಿ ಈಗ ಷೇರು ಪತ್ರ ಬರೆದುಬಿಡೋಣ ಎಂದು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಮಾವನಿಗೆ ನ್ಯಾಯ ಸಿಗಲಿ ಎಂಬುದೇ ಆಗಿತ್ತು. ಆದರೂ ಹಿಂದಿನ ತಾರೀಖಿನ ಪತ್ರ ವಂಚನೆಯೇ ಆಗುತ್ತದೆ, ಷೇರು ಹಂಚಿಕೆಯ ಲೆಕ್ಕ ಆಗಿನ ಕಾಲಕ್ಕೇ ಸರ್ಕಾರಕ್ಕೆ ಸಲ್ಲಿಕೆಯಾಗಿರಬೇಕು, ಕೊಳ್ಳುವವರ ವಕೀಲರು ಅದನ್ನು ಮೊದಲ ದಿನವೇ ಕಂಡುಹಿಡಿಯುತ್ತಾರೆ ಎಂದು ನಾನು ಒಪ್ಪಲಿಲ್ಲ. ಹಾಗಾದರೆ ಅಳಿಯ, ಅಂದರೆ ಗುಮಾಸ್ತರ ಮಗ, ತನ್ನ ಷೇರುಗಳಲ್ಲೇ ಕೆಲವನ್ನು ಮಾವನಿಗೆ ಉಡುಗೊರೆಯಾಗಿ ಕೊಡಲಿ ಎಂಬ ಮಾತು ಬಂತು. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಉಡುಗೊರೆ ಪಡೆಯುವವನ ಕಡೆಯಿಂದ ಸಂಬಂಧ ಎಣಿಸುತ್ತಿದ್ದರು: ತಂದೆ ತಾಯಿಯ ಒಡಹುಟ್ಟಿದವರು ಸಂಬಂಧಿಕರು, ಆದ್ದರಿಂದ ಮಾವ ಅಳಿಯನಿಗೆ ಕೊಟ್ಟರೆ ತೆರಿಗೆ ಇಲ್ಲ, ಅಕ್ಕನ ಮಗ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಅಳಿಯ ಮಾವನಿಗೆ ಕೊಟ್ಟದ್ದು 50,000 ರೂಪಾಯಿ ದಾಟಿದರೆ ಅದು ಮಾವನ ಆದಾಯ.

ಕೊನೆಗೆ ಕಂಪನಿ ಅಸಲನ್ನು ಬಡ್ಡಿಸಮೇತ ಹಿಂದಿರುಗಿಸಿತು, ಅದಕ್ಕೆ 4 ರೂಪಾಯಿ ಹೋಯಿತು. ನಿಯಮಭಂಗವನ್ನು ಕೊಳ್ಳುವವರಿಗೆ ಲಿಖಿತವಾಗಿ ತಿಳಿಸಿದೆವು. ಮುಂದೆ ದಂಡ ಬಿದ್ದರೆ ಸ್ಥಾಪಕರೇ ಹೊರಬೇಕೆಂದು ಅವರು ಕೇಳಿ, ತಡೆಹಿಡಿಯುವ ಮೊತ್ತವನ್ನು 10ರಿಂದ 15ಕ್ಕೆ ಏರಿಸಿದರು. ಮಾವನ ಪಾಲನ್ನು ಅಳಿಯ ತನ್ನ ತೆರಿಗೆ ಕಟ್ಟಿ ಉಳಿದ ಹಣದಲ್ಲಿ ಕೊಟ್ಟರು, ಮಾವ ಅದಕ್ಕೆ ಮತ್ತೆ ತೆರಿಗೆ ಕಟ್ಟಿದರು. ಅವರು ನನ್ನೆದುರು ಹಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಷೇರುದಾರರ ಪುಸ್ತಕ ಕೇಳಿ ತರಿಸಿಕೊಂಡು, ಕನ್ನಡಕ ಹಾಕಿ, ಇದ್ದ ಎರಡು ಹೆಸರುಗಳನ್ನು ಓದಿ ಹಿಂದಕ್ಕೆ ಕೊಟ್ಟರು. ಈ ಪ್ರಕರಣದಲ್ಲಿ ನನಗೆ ಇಂದಿಗೂ ನೋವಾಗುವ ಕ್ಷಣ ಅದು. 2018ರಲ್ಲಿ ಸರಿಯಾಗಿ ಷೇರು ಹಂಚಿದ್ದರೆ ಮೂರನೆಯ ಹೆಸರು ಅಲ್ಲಿರುತ್ತಿತ್ತು.

ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆ ಕೂರಿಸಿದರು, ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಆದರೆ ಆ ವಾರದಲ್ಲಿ ಬೆಂಗಳೂರಿನಿಂದ ಬಂದ ಪ್ರಶ್ನೆ ಒಂದೇ: ನಿಮ್ಮ ಗ್ರಾಹಕರೆಲ್ಲ ಒಂದೇ ಅಣೆಕಟ್ಟಿನ ನೀರನ್ನು ನಂಬಿದವರೇ?

ಹೌದು ಎಂಬುದೇ ಉತ್ತರವಾಗಿತ್ತು. ಅದು ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದ ವಿಷಯ; ಕೊಳ್ಳುವವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ನಾವೇ ಜೂನ್‌ನಲ್ಲಿ ಹೇಳಿದ್ದರೆ ಅದು ವ್ಯವಹಾರದ ಒಂದು ಗುಣವಾಗಿ ಬೆಲೆಯೊಳಗೆ ಸೇರಿರುತ್ತಿತ್ತು. ಆಗಸ್ಟ್‌ನಲ್ಲಿ ಸುದ್ದಿಯಿಂದ ತಿಳಿದಾಗ ಅದು ಮುಚ್ಚಿಟ್ಟ ಅಪಾಯದಂತೆ ಕಂಡಿತು. ಹೊಸ ಪ್ರಸ್ತಾವದಲ್ಲಿ ಬೆಲೆ 100 ಎಂದೇ ಇತ್ತು. ಒಳಗಿನ ಹಂಚಿಕೆ ಬದಲಾಗಿತ್ತು. ಮೊದಲ ದಿನ 60, ತಡೆಹಿಡಿದದ್ದು 15, ಉಳಿದ 25 ಮುಂದಿನ ಮೂರು ಕೊಯ್ಲುಗಳಲ್ಲಿ ಸಾಫ್ಟ್‌ವೇರಿನಿಂದ ಹೊರಡುವ ತೂಕದ ಚೀಟಿಗಳ ಎಣಿಕೆಯನ್ನು ಅವಲಂಬಿಸಿತ್ತು: 2025ರ ಬೇಸಿಗೆ, 2025ರ ಮುಂಗಾರು, 2026ರ ಬೇಸಿಗೆ.

ಎಂಜಿನಿಯರ್ ಒಪ್ಪುವ ಮನಸ್ಸಿನಲ್ಲಿದ್ದರು. ಚೀಟಿಗಳು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದವು. ಗುಮಾಸ್ತರ ಮಗ ಒಂದು ದಿನ ತಡೆದರು. ಎರಡನೇ ಬೆಳೆಗೆ, ಅಂದರೆ ಬೇಸಿಗೆಯ ಬೆಳೆಗೆ, ಕಾಲುವೆಗೆ ನೀರು ಬಿಡದ ವರ್ಷಗಳನ್ನು ಅವರು ಕಂಡಿದ್ದರು, ಮತ್ತು ಒಂದು ಗೇಟು ಹೋದ ಮೇಲೆ ಉಳಿದವನ್ನೂ ಎಂದಾದರೂ ಬದಲಿಸಲೇಬೇಕು, ಆಗ ಜಲಾಶಯ ಖಾಲಿ ಇಡಬೇಕಾಗುತ್ತದೆ ಎಂದು ಅವರು ಊಹಿಸಿದರು. ಕೊಳ್ಳುವವರ ವಕೀಲರು, ಒಪ್ಪಂದದಲ್ಲಿ ದೈವಾಧೀನ ಘಟನೆಗಳ ಷರತ್ತು ಇದ್ದೇ ಇದೆಯಲ್ಲ ಎಂದರು. ಆ ಷರತ್ತು ಮಾಡಬೇಕಾದ ಕೆಲಸ ಮಾಡಲಾಗದವನನ್ನು ಹೊಣೆಯಿಂದ ಬಿಡಿಸುತ್ತದೆ. ಎಣಿಕೆ ಮುಟ್ಟದಿದ್ದಾಗ ಹಣ ಕೊಡಿಸುವುದಿಲ್ಲ. ಇಂಥದ್ದು ನಡೆದರೆ ಹಣ ಎಂಬ ಕರಾರಿನಲ್ಲಿ, ಅದು ನಡೆಯದಿದ್ದರೆ ಹಣ ಇಲ್ಲ, ಕಾರಣ ಏನೇ ಇರಲಿ.

ಆದ್ದರಿಂದ ಪ್ರತ್ಯೇಕ ಕಲಮು ಬೇಕೆಂದು ಹಿಡಿದೆವು: ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಯಾವುದೇ ಹಂಗಾಮಿಗೆ ನೀರು ಬಿಡದಿರಲು ತೀರ್ಮಾನಿಸಿದರೆ, ಆ ಹಂಗಾಮಿನ ಎಣಿಕೆಯ ಜಾಗದಲ್ಲಿ ಹಿಂದಿನ ವರ್ಷದ ಅದೇ ಹಂಗಾಮಿನ ಎಣಿಕೆಯನ್ನು ತೆಗೆದುಕೊಳ್ಳಬೇಕು. "ಬರ" ಅಥವಾ "ನೀರಿನ ಕೊರತೆ" ಎಂದು ಬರೆಯಲಿಲ್ಲ. ಆ ಪದಗಳ ಅರ್ಥದ ಮೇಲೆ ಮುಂದೆ ಜಗಳವಾಗುತ್ತದೆ. ಸಮಿತಿಯ ತೀರ್ಮಾನಕ್ಕೆ ತಾರೀಖು ಇರುತ್ತದೆ. ಮೂರು ವಾರ ಎಳೆದಾಟದ ನಂತರ ಅವರು ಒಪ್ಪಿದರು.

ಸ್ಪರ್ಧೆ ಮಾಡಬಾರದೆಂಬ ಕಲಮಿನಲ್ಲೂ ಊರಿನ ತಿಳಿವಳಿಕೆ ಉಪಯೋಗಕ್ಕೆ ಬಂತು. ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಊರ್ಜಿತವಲ್ಲ ಎಂಬುದು 1872ರ ಕರಾರು ಕಾಯ್ದೆಯ 27ನೇ ಕಲಮಿನ ನಿಯಮ. ವ್ಯಾಪಾರದ ಗುಡ್‌ವಿಲ್, ಅಂದರೆ ಅದು ಗಳಿಸಿದ ಹೆಸರು ಮತ್ತು ಗಿರಾಕಿ, ಮಾರಿದವನಿಗೆ ಹಾಕುವ ಮಿತವಾದ ತಡೆ ಅದಕ್ಕೆ ಅಪವಾದ. ಹಾಗಾಗಿ ಮಾರುವವರು ಈ ಕಲಮನ್ನು ಹಗುರವಾಗಿ ನೋಡುವಂತಿಲ್ಲ. ಕರಡಿನಲ್ಲಿ, ಸ್ಥಾಪಕರೂ ಅವರ ಸಂಬಂಧಿಕರೂ ಮೂರು ವರ್ಷ ಭತ್ತ ಮತ್ತು ಅಕ್ಕಿಗೆ ಸಂಬಂಧಿಸಿದ ಯಾವ ವ್ಯವಹಾರವನ್ನೂ ಮಾಡಬಾರದು ಎಂದಿತ್ತು. ಅಲ್ಲಿ ಸಂಬಂಧಿಕರ ಪಟ್ಟಿಯಲ್ಲಿ ಸೋದರಮಾವ ಇದ್ದರು. ಕಂಪನಿ ಕಾಯ್ದೆ ಹೊರಗಿಟ್ಟ ಮಾವನನ್ನು ಈ ಕಲಮು ಒಳಗೆ ಸೇರಿಸಿ, ಅವರ ದಲಾಲಿ ಅಂಗಡಿಯನ್ನೇ ಒಪ್ಪಂದದ ಉಲ್ಲಂಘನೆಯಾಗಿಸುತ್ತಿತ್ತು. "ರೈಸ್ ಮಿಲ್ ಸಾಫ್ಟ್‌ವೇರ್" ಎಂದಷ್ಟೇ ತಿದ್ದಿಸಿದೆವು.

ಕೈಗೆ ಬಂದದ್ದು

ನಾಲ್ವರು ಸಿಬ್ಬಂದಿಗೆ, ಕಂಪನಿ ಮಾರಿದ ದಿನ ನಿಮಗೂ ಪಾಲು ಎಂದು ಸ್ಥಾಪಕರು ಹೇಳುತ್ತಾ ಬಂದಿದ್ದರು. ಷೇರು ಯೋಜನೆ ಯಾವುದೂ ಇರಲಿಲ್ಲ. ಮಾತು ಉಳಿಸಿಕೊಳ್ಳಲು ಬೋನಸ್ ಎಂದು 5 ರೂಪಾಯಿ ಕೊಟ್ಟರು. ಅದು ಸಂಬಳದಂತೆ ಪೂರ್ಣ ತೆರಿಗೆಗೆ ಒಳಪಟ್ಟಿತು. ವಕೀಲರಿಗೂ ನನಗೂ ಸೇರಿ 2. ಮಾವನ 4, ಗೆಳೆಯನ 3 ಸೇರಿಸಿದರೆ 14. ಮೊದಲ ದಿನದ 60ರಲ್ಲಿ ಉಳಿದದ್ದು 46. ಷೇರುಪೇಟೆಯಲ್ಲಿ ಪಟ್ಟಿಯಾಗದ ಷೇರುಗಳನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹಿಡಿದಿದ್ದರೆ, 2024ರ ಜುಲೈ 23ರ ನಂತರದ ಮಾರಾಟಕ್ಕೆ ಶೇ 12.5ರ ದರದಲ್ಲಿ ಬಂಡವಾಳ ಗಳಿಕೆ ತೆರಿಗೆ. ಸರ್‌ಚಾರ್ಜ್ ಬಿಟ್ಟು, ಸೆಸ್ ಸೇರಿ ಸುಮಾರು 6. ಪೇಡೆ ಹಂಚಿದ 100ರಲ್ಲಿ ಮೊದಲ ದಿನ ಒಬ್ಬೊಬ್ಬರ ಕೈಗೆ ಸಿಕ್ಕದ್ದು 20, ಅದರಲ್ಲೂ ಒಬ್ಬರು ಮಾವನ ಪಾಲು ಕೊಡುವುದಿತ್ತು.

ಮುಂದೆ ಬರಬಹುದಾದ 40ಕ್ಕೆ ಮಾರಿದ ವರ್ಷವೇ ತೆರಿಗೆ ಕಟ್ಟಬೇಕೇ ಎಂಬುದರಲ್ಲಿ ಹೈಕೋರ್ಟುಗಳ ತೀರ್ಪುಗಳು ಒಂದೇ ದಿಕ್ಕಿನಲ್ಲಿಲ್ಲ. ದೆಹಲಿಯದು ಮಾರುವವರಿಗೆ ಪ್ರತಿಕೂಲ, ಬಾಂಬೆಯದು ಅನುಕೂಲ. ಬಾರದೆ ಹೋಗಬಹುದಾದ ಹಣಕ್ಕೆ ತೆರಿಗೆ ಕಟ್ಟಲು ಬೇಕಾಗುವಷ್ಟನ್ನು ಆ 20ರಿಂದಲೇ ಎತ್ತಿಡಿ ಎಂದು ಇಬ್ಬರಿಗೂ ಹೇಳಿದೆ. ಅವರು ಬೇಸರದಿಂದಲೇ ಎತ್ತಿಟ್ಟರು.

2025ರ ಬೇಸಿಗೆ ಕೊಯ್ಲಿನ ಚೀಟಿಗಳು ಗುರಿ ದಾಟಿದವು. ಮುಂಗಾರು ಬೆಳೆಯೂ ಕೈಗೆ ಬರುವ ಹೊತ್ತಿಗೆ, ನವೆಂಬರ್‌ನಲ್ಲಿ, ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವಾಯಿತು. ಎಡದಂಡೆ ಕಾಲುವೆಯ ರೈತರಿಗೆ, ಹಮಾಲರಿಗೆ, ದಲಾಲಿ ಅಂಗಡಿಗಳಿಗೆ ಒಂದು ಇಡೀ ಹಂಗಾಮು ಹೋಯಿತು. ಸೋದರಮಾವ ಬಿತ್ತನೆಗೆ ಕೊಡಬೇಕೆಂದು ತೆಗೆದಿಟ್ಟಿದ್ದ ಮುಂಗಡ ಪೆಟ್ಟಿಗೆಯಲ್ಲೇ ಉಳಿಯಿತು. ಗುಮಾಸ್ತರ ಮಗ ಸುದ್ದಿ ಬಂದ ದಿನವೇ ಒಪ್ಪಂದದ ಆ ಪುಟದ ಫೋಟೊ ತೆಗೆದು, ತೀರ್ಮಾನದ ವರದಿಯೊಂದಿಗೆ ನನಗೂ ಬೆಂಗಳೂರಿಗೂ ಕಳುಹಿಸಿದರು. 2026ರ ಬೇಸಿಗೆಯ ಎಣಿಕೆಯ ಜಾಗಕ್ಕೆ 2025ರ ಬೇಸಿಗೆಯ ಚೀಟಿಗಳ ಎಣಿಕೆಯೇ ಬರುತ್ತದೆ ಎಂದು ಕೊಂಡ ಕಂಪನಿ ಡಿಸೆಂಬರ್‌ನಲ್ಲಿ ಲಿಖಿತವಾಗಿ ಒಪ್ಪಿತು.